ಫ್ಲೀಸ್ ಇನ್‌ಗೆ ಹೋಗ್ತೀರಾ? ತಲೆ ಬಗ್ಗಿಸಿ ಒಳಗೆ ಹೋಗಿ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಕಡೆ ಹೋಗುವವರು ಒಂದು ಮಧ್ಯಾಹ್ನ ಬ್ರೆಟ್‌ಫರ್ಟನ್‌ಗೆ ಅಂತ ಇಟ್ಟುಕೊಳ್ಳಿ. ವೂಸ್ಟರ್‌ಶೈರ್‌ನ ಈ ಹಳ್ಳಿಯಲ್ಲಿರುವ ಫ್ಲೀಸ್ ಇನ್ ಪಬ್ ಆಗಿದ್ದು 1848ರಲ್ಲಿ. ಕಟ್ಟಡ ಮಾತ್ರ ಅದಕ್ಕಿಂತ ಸುಮಾರು 400 ವರ್ಷ ಹಳೆಯದು. ಬರ್ಡ್ ಅನ್ನುವ ರೈತ ಮನೆತನ ಕಟ್ಟಿಕೊಂಡಿದ್ದ ಉದ್ದನೆಯ ಮನೆ, ಜನ ದನ ಎಲ್ಲ ಒಂದೇ ಸೂರಿನಡಿ.

ಲಂಡನ್‌ನ ಪ್ಯಾಡಿಂಗ್ಟನ್‌ನಿಂದ ವೂಸ್ಟರ್ ಕಡೆಯ ರೈಲು ಹಿಡಿಯಬೇಕು. ನಾವು ಹನಿಬೋರ್ನ್‌ನಲ್ಲಿ ಇಳಿದೆವು, ಹತ್ತಿರ ಅಂತ. ಅಲ್ಲಿ ಒಂದು ಟ್ಯಾಕ್ಸಿಯೂ ಇರಲಿಲ್ಲ, ಸಣ್ಣ ಮಳೆಯಲ್ಲಿ ನಡೆದೇ ಹೋದೆವು. ನೀವು ಟ್ಯಾಕ್ಸಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಈವ್‌ಷಮ್‌ನಲ್ಲಿ ಇಳಿಯಿರಿ. ಅದು ದೊಡ್ಡ ಊರು.

ಸೀದಾ ಒಳಗೆ ನುಗ್ಗಬೇಡಿ, ಹೊರಗೆ ಐದು ನಿಮಿಷ ನಿಲ್ಲಿ. ಕಪ್ಪು ಮರದ ಚೌಕಟ್ಟು, ನಡುನಡುವೆ ಬಿಳಿ ಗೋಡೆ. ಇಂಥ ಮನೆಗಳಲ್ಲಿ ಭಾರ ಹೊರೋದು ಮರ, ಗೋಡೆ ಬರೀ ಮರೆ. ಕಂಬಗಳ ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತುತ್ತಿದ್ದರು, ನಮ್ಮ ಹಳ್ಳಿಗಳಲ್ಲಿ ತಡಿಕೆ ಗೋಡೆ ನೋಡಿದವರಿಗೆ ತಟ್ಟನೆ ಅರ್ಥವಾಗುತ್ತೆ. ಮಾಡಿನ ಹುಲ್ಲು ನೋಡಿ ಮಾತ್ರ ಮೋಸ ಹೋಗಬೇಡಿ, ಅದು ಅಷ್ಟು ಹಳೆಯದಲ್ಲ. 2004ರಲ್ಲಿ ಬೆಂಕಿ ಬಿದ್ದು ಮಾಡು ಸುಟ್ಟಿತ್ತು, ಆಮೇಲೆ ಹೊಸದಾಗಿ ಹೊದಿಸಿದ್ದು.

ಬಾಗಿಲು ಗಿಡ್ಡ. ನನ್ನ ಹಣೆಗೆ ಸರಿಯಾಗೇ ಬಡಿಯಿತು. ಒಳಗೆ ತೊಲೆಗಳೂ ತಗ್ಗು, ನೆಲಕ್ಕೆ ಚಪ್ಪಡಿ ಕಲ್ಲು. ಬೆಂಕಿಗೂಡಿನ ಮುಂದೆ ಬಿಳಿ ವೃತ್ತಗಳನ್ನು ಬರೆದಿರುತ್ತಾರೆ, ಚಿಮಣಿಯಿಂದ ಮಾಟಗಾತಿಯರು ಇಳಿದು ಬರದಿರಲಿ ಅಂತ. ನನಗೆ ಇಡೀ ಮನೆಯಲ್ಲಿ ತುಂಬಾ ಹಿಡಿಸಿದ್ದು ಅದೇ, ಕಾಲಡಿಗೆ ಸಿಗದಂತೆ ದಾಟಿಕೊಂಡು ಹೋದೆ (ಯಾರೂ ಹಾಗೆ ಮಾಡಿ ಅನ್ನಲಿಲ್ಲ). ಪಕ್ಕದ ಕೋಣೆಯಲ್ಲಿ ಹಳೆಯ ಪ್ಯೂಟರ್ (ತವರದ ಮಿಶ್ರಲೋಹ) ತಟ್ಟೆಗಳಿವೆ, ಅದನ್ನೂ ನೋಡಿ.

ಇಷ್ಟೆಲ್ಲ ಉಳಿದಿದ್ದಕ್ಕೆ ಕಾರಣ ಆ ಬರ್ಡ್ ವಂಶದ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್. 1977ರಲ್ಲಿ ತೀರಿಕೊಂಡಾಗ ಪಬ್ಬನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಬರೆದಿಟ್ಟು ಹೋದರು. ಆಲೂಗಡ್ಡೆ ಚಿಪ್ಸ್ ಪ್ಯಾಕೆಟ್ ಮಾರಬಾರದು ಅಂತ ಷರತ್ತನ್ನೂ ಹಾಕಿದ್ದರಂತೆ!

ಇದು ಮ್ಯೂಸಿಯಂ ಅಲ್ಲ, ನಡೆಯುತ್ತಿರುವ ಪಬ್. ಸುಮ್ನೆ ಫೋಟೋ ತೆಗೆದುಕೊಂಡು ಬಂದರೆ ಚೆನ್ನಾಗಿರಲ್ಲ, ಏನಾದರೂ ತಗೊಳ್ಳಿ, ಕುಡಿಯದವರು ಜ್ಯೂಸ್ ಆದರೂ ಸರಿ. ಏಪ್ರಿಲ್ ಕೊನೆಯಿಂದ ಜೂನ್ ತನಕ ಈ ಸೀಮೆಯ ಆಸ್ಪರಾಗಸ್ (ಎಳೆ ಚಿಗುರಿನ ಒಂದು ತರಕಾರಿ) ಸಿಗುವ ಕಾಲ, ಸಸ್ಯಾಹಾರಿಗಳು ಆಗ ಹೋಗುವುದು ಒಳ್ಳೆಯದು. ವಾರದ ನಡುವೆ ಹೋದರೆ ಕೋಣೆ ಕೋಣೆ ನಿಧಾನವಾಗಿ ನೋಡಬಹುದು. ವಾಪಸ್ ರೈಲು ಎಷ್ಟು ಗಂಟೆಗೆ ಅಂತ ನೋಡಿಕೊಂಡೇ ಎರಡನೇ ಗ್ಲಾಸ್ ಹೇಳಿ.