ಹುಲ್ಲುಬಣ್ಣದ ಪತಂಗಗಳ ಕುಟುಂಬ ಕೊನೆಗೂ ಇತ್ಯರ್ಥವಾಯಿತು

ಧಾರವಾಡದ ಕೆಲಗೇರಿ ಕಡೆಯ ಹುಲ್ಲುಬಯಲಿನಲ್ಲಿ ಸಿಕ್ಕು, ಪೆಟ್ಟಿಗೆಯ ಮೂಲೆಯಲ್ಲಿ ‘ಕುಟುಂಬ ಬಾಕಿ’ ಎಂಬ ಚೀಟಿಯಡಿ ಉಳಿದಿದ್ದ ಮೂತಿ ಪತಂಗಗಳು ಕ್ರಾಂಬಿಡೇ ಅಲ್ಲ, ಪೈರಾಲಿಡೇ ಕುಟುಂಬದವು ಎಂಬುದು ಈ ವಾರ ಖಚಿತವಾಯಿತು. ಬೆಳಕಿನ ಬಲೆ ಕಟ್ಟುವುದು, ರೆಕ್ಕೆ ಹರಡಿ ಒಣಗಿಸುವುದು, ಚೀಟಿ ಬರೆಯುವುದು ನಿಮಗೆಲ್ಲ ತಿಳಿದಿರುವ ಕೆಲಸಗಳಾದ್ದರಿಂದ ಅವುಗಳನ್ನು ಬಿಟ್ಟು ನೇರವಾಗಿ ತಕರಾರಿನ ವಿಷಯಕ್ಕೆ ಬರುತ್ತೇನೆ.

ತಕರಾರಿಗೆ ಮೂಲ ಇವುಗಳ ವೇಷ. ಮುಂರೆಕ್ಕೆ ಕಿರಿದು, ಬಣ್ಣ ಒಣಹುಲ್ಲಿನದು, ಅಂಚಿನುದ್ದಕ್ಕೂ ಒಂದು ಬಿಳಿಯ ಗೆರೆ, ತಲೆಯ ಮುಂದೆ ನೇರವಾಗಿ ಚಾಚಿದ ಉದ್ದನೆಯ ಲೇಬಿಯಲ್ ಪಾಲ್ಪ್, ಅಂದರೆ ಮೂತಿಯಂತೆ ಕಾಣುವ ಬಾಯಿಯ ಜೋಡಿ ಸ್ಪರ್ಶಾಂಗ. ಹುಲ್ಲಿನ ದಂಟನ್ನು ಅಪ್ಪಿ ಕುಳಿತರೆ ಕ್ರಾಂಬಿಡೇಯ ಕ್ರಾಂಬಿನೇ ಉಪಕುಟುಂಬದ್ದೆಂದು ಯಾರಾದರೂ ಹೇಳಿಬಿಡುತ್ತಾರೆ. ಆದರೆ ಪೈರಾಲಿಡೇಯ ಫೈಸಿಟಿನೇ ಉಪಕುಟುಂಬದ ಅನೆರಾಸ್ಟೀನಿ ಗುಂಪಿನವೂ ಇದೇ ಉಡುಪಿನಲ್ಲಿ ಬರುತ್ತವೆ. ಹುಲ್ಲಿನ ನಡುವೆ ಬದುಕುವವಕ್ಕೆ ಹುಲ್ಲಿನ ಬಣ್ಣವೇ ಅನುಕೂಲ. ಅದು ನೆಂಟಸ್ತಿಕೆಯ ಪುರಾವೆಯಾಗುವುದಿಲ್ಲ. ಮೂತಿಯಂತೂ ಎರಡೂ ಕುಟುಂಬಗಳಿಗೆ ಸೇರಿದ ಸ್ವತ್ತು.

ಲಕ್ಷಣ ನೋಡಿ ಗುರುತಿಸುವ ಹಳೆಯ ಕೀಲಿಗಳಿಂದ ಇಲ್ಲಿ ಹೆಚ್ಚಿನ ಸಹಾಯ ದೊರೆಯದು. ಇಂಗ್ಲಿಷ್ ಕೀಟತಜ್ಞ ಹ್ಯಾಂಪ್ಸನ್ 1896ರಲ್ಲಿ ಭಾರತದ ಪತಂಗಗಳ ನಾಲ್ಕನೆಯ ಸಂಪುಟವನ್ನು ಹೊರತಂದಾಗ ಇವೆಲ್ಲವನ್ನೂ ಪೈರಾಲಿಡೇ ಎಂಬ ಒಂದೇ ಕುಟುಂಬದಡಿ ಉಪಕುಟುಂಬಗಳಾಗಿ ಜೋಡಿಸಿದ್ದರು. 1980ರ ದಶಕದ ಆರಂಭದಲ್ಲಿ ಫ್ರೆಂಚ್ ಕೀಟತಜ್ಞ ಜೋಯಲ್ ಮಿನೆ ಹೊಟ್ಟೆಯ ಬುಡದಲ್ಲಿರುವ ಶ್ರವಣಾಂಗಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಮೇಲೆ ಎರಡು ಕುಟುಂಬಗಳ ವಿಂಗಡಣೆಗೆ ಗಟ್ಟಿಯಾದ ಆಧಾರ ಸಿಕ್ಕಿತು. ಜಗತ್ತಿನಲ್ಲಿ ಹೆಸರು ಪಡೆದಿರುವ ಈ ಮೂತಿ ಪತಂಗಗಳ ಸುಮಾರು 16,000 ಪ್ರಭೇದಗಳನ್ನು ಇಂದು ಈ ಕಿವಿಯ ಆಧಾರದ ಮೇಲೆಯೇ ಇಬ್ಭಾಗ ಮಾಡಲಾಗುತ್ತದೆ. ಕ್ರಾಂಬಿಡೇಯಲ್ಲಿ ಶ್ರವಣಕೋಶದ ಮುಂಭಾಗ ತೆರೆದಿರುತ್ತದೆ, ಕಿವಿತಮಟೆಯೂ ಅದರ ಪಕ್ಕದ ಪೊರೆಯೂ ಒಂದಕ್ಕೊಂದು ಕೋನವಾಗಿ ನಿಲ್ಲುತ್ತವೆ ಮತ್ತು ಎರಡು ಕಿವಿಗಳ ನಡುವೆ ಪ್ರಿಸಿಂಕ್ಟೋರಿಯಂ ಎಂಬ ಪುಟ್ಟ ಹಾಳೆ ಚಾಚಿಕೊಂಡಿರುತ್ತದೆ. ಪೈರಾಲಿಡೇಯಲ್ಲಿ ಕೋಶ ಮುಚ್ಚಿರುತ್ತದೆ, ತಮಟೆ ಮತ್ತು ಪೊರೆ ಒಂದೇ ಸಮತಲದಲ್ಲಿರುತ್ತವೆ, ನಡುವಿನ ಹಾಳೆ ಇರುವುದಿಲ್ಲ.

ಓದುವುದಕ್ಕೆ ಇಷ್ಟು ಸಲೀಸಾದ ಲಕ್ಷಣ ನೋಡುವುದಕ್ಕೆ ಹೊರಟಾಗ ಮಾತ್ರ ಕೈಗೆಟುಕಲಿಲ್ಲ. ಮೊದಲು ರೆಕ್ಕೆಯ ನಾಳಗಳ ದಾರಿ ಹಿಡಿದೆ. ರೆಕ್ಕೆಯ ಮೇಲೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಅದು ಆರುವ ತನಕ ಕೆಲವು ಕ್ಷಣ ನಾಳಗಳು ಕಾಣುತ್ತವೆ. ಕ್ರಾಂಬಿಡೇಯಲ್ಲಿ ಮುಂರೆಕ್ಕೆಯ ಆರ್5 ಎಂಬ ನಾಳ ಸಾಮಾನ್ಯವಾಗಿ ಸ್ವತಂತ್ರವಾಗಿ ಹೊರಡುತ್ತದೆ. ಪೈರಾಲಿಡೇಯಲ್ಲಿ ಪಕ್ಕದ ಆರ್3 ಮತ್ತು ಆರ್4 ಸೇರಿದ ನಾಳದ ಜೊತೆ ಒಂದೇ ಕಾಂಡದಲ್ಲಿರುತ್ತದೆ ಅಥವಾ ಅದರಲ್ಲಿ ಬೆರೆತುಹೋಗಿರುತ್ತದೆ. ನನ್ನ ಪತಂಗಗಳಲ್ಲಿ ಸ್ವತಂತ್ರ ಆರ್5 ಕಾಣಲಿಲ್ಲ. ಆದರೆ ಅಂಚು ಸವೆದ ರೆಕ್ಕೆಯಲ್ಲಿ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಿಂರೆಕ್ಕೆಯನ್ನು ಮುಂರೆಕ್ಕೆಗೆ ಕೊಂಡಿಯಂತೆ ಹಿಡಿಯುವ ಫ್ರೆನುಲಂನಲ್ಲಿ, ಹೆಣ್ಣಿಗೆ ಒಂದೇ ಬಿರುಗೂದಲಿದ್ದರೆ ಫೈಸಿಟಿನೇ ಎನ್ನಬಹುದಾಗಿತ್ತು. ರೆಕ್ಕೆ ಹರಡುವಾಗ ಅದು ಮುರಿಯದೆ ಉಳಿದರೆ ತಾನೆ!

ಆದ್ದರಿಂದ ಕಿವಿಯೇ ಗತಿಯಾಯಿತು. ಒಣಗಿದ ಪತಂಗವನ್ನು ಅಂಗಾತ ಮಾಡಿದರೆ ಹಿಂಗಾಲುಗಳ ಬುಡ ಸರಿಯಾಗಿ ಅದೇ ಜಾಗವನ್ನು ಮುಚ್ಚಿರುತ್ತದೆ. ಒಂದು ಬದಿಯ ಹಿಂಗಾಲನ್ನು ಬಿಡಿಸಿ ನೋಡಿದಾಗ ಎರಡು ಕಿವಿಗಳ ನಡುವೆ ಹಾಳೆಯಂಥ ಏನೋ ಒಂದು ಕಂಡಿತು. ಮೆತ್ತನೆಯ ಕುಂಚ ಸೋಕಿದಾಗ ಅದು ಬರೀ ಹುರುಪೆಗಳ ಗೊಂಚಲಾಗಿ ಉದುರಿತು. ನಂತರ ಹೊಟ್ಟೆಯನ್ನು ಬಿಡಿಸಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೆಚ್ಚಗೆ ಇಟ್ಟೆ. ಈ ಪೊಟ್ಯಾಸಿಯಂ ಹೈಡ್ರಾಕ್ಸೈಡಿನದೇ ಒಂದು ಕಥೆ. ಸರಬರಾಜುದಾರರು ಕಳಿಸಿದ ಡಬ್ಬಿಯ ಮುಚ್ಚಳ ಸಡಿಲವಾಗಿದ್ದು, ಒಳಗಿನ ಹರಳುಗಳೆಲ್ಲ ತೇವ ಹೀರಿ ಒಂದೇ ಗಡ್ಡೆಯಾಗಿದ್ದವು. ಇದಕ್ಕೂ ಮುಂಚೆ ಇವರೇ ಅತಿನೇರಳೆ ಟ್ಯೂಬ್ ಎಂದು ಕಳಿಸಿದ್ದು ನೇರಳೆ ಬಣ್ಣ ಬಳಿದ ಮಾಮೂಲಿ ಬಲ್ಬು. ಅದರಿಂದ ಮದುವೆಯ ಹಂದರ ಬೆಳಗಬಹುದೇ ಹೊರತು ಪತಂಗ ಬರುವುದಿಲ್ಲ.

ಹುರುಪೆ ಹೋಗಿ ಚರ್ಮ ತಿಳಿಯಾದರೂ ಶ್ರವಣಕೋಶದೊಳಗೆ ಗಾಳಿಗುಳ್ಳೆಯೊಂದು ಬಿಗಿಯಾಗಿ ಕುಳಿತಿತ್ತು. ಗುಳ್ಳೆಯ ಕಪ್ಪು ಅಂಚು ಕೋಶದ ಮುಂಬದಿಯ ಮೇಲೆಯೇ ಬೀಳುತ್ತಿದ್ದುದರಿಂದ, ಕೋಶ ತೆರೆದಿದೆಯೋ ಮುಚ್ಚಿದೆಯೋ ಎಂಬ ನನಗೆ ಬೇಕಾಗಿದ್ದ ಒಂದೇ ಒಂದು ಸಂಗತಿ ಅದರ ಹಿಂದೆ ಅಡಗಿತ್ತು. ಕೆಳಗಿನಿಂದ ಬೆಳಕು ಕೊಟ್ಟಷ್ಟೂ ಆ ಅಂಚು ಇನ್ನಷ್ಟು ಕಪ್ಪಾಗುತ್ತಿತ್ತು. ಮುಂದಿನ ಪತಂಗದ ಹೊಟ್ಟೆಯನ್ನು ಮೊದಲು ಆಲ್ಕೋಹಾಲಿನಲ್ಲಿ ಪೂರ್ತಿ ನೆನೆಸಿ, ಗಾಳಿಯೆಲ್ಲ ಹೊರಬಿದ್ದು ಅದು ತಳಕ್ಕೆ ಇಳಿದ ಮೇಲಷ್ಟೇ ದ್ರಾವಣಕ್ಕೆ ಹಾಕಿದೆ. ಕೆಳಗಿನ ದೀಪವನ್ನು ಆರಿಸಿ, ಬಟ್ಟಲಿನಡಿ ಕಪ್ಪು ಕಾಗದವಿಟ್ಟು, ಬದಿಯಿಂದ ಓರೆಯಾಗಿ ಬೆಳಕು ಬಿಟ್ಟೆ. ಆಗ ಕಂಡದ್ದು ಹೀಗಿದೆ: ಹೊಟ್ಟೆಯ ಬುಡದಲ್ಲಿ ಜೋಡಿ ಬೋಗುಣಿಗಳು, ಎರಡರ ಮುಂಅಂಚೂ ಎಲ್ಲಿಯೂ ಕಡಿಯದೆ ಸುತ್ತಿ ಬಂದಿದೆ, ಒಳಗಿನ ತಮಟೆ ಮತ್ತು ಪೊರೆ ಒಂದೇ ಮಟ್ಟದಲ್ಲಿ ಬಿಗಿದುಕೊಂಡಿವೆ, ನಡುವೆ ಹಾಳೆಯ ಸುಳಿವಿಲ್ಲ. ನಾಳಗಳ ಸಾಕ್ಷ್ಯವನ್ನೂ ಸೇರಿಸಿ ಇವುಗಳನ್ನು ಅನೆರಾಸ್ಟೀನಿಯ ಕೆಳಗೆ ಇರಿಸಿದ್ದೇನೆ. ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದ ಸ್ಲೈಡು ಮಾಡುವವರೆಗೆ ಪ್ರಭೇದದ ಹೆಸರು ಹಚ್ಚುವುದಿಲ್ಲ.

ಇಷ್ಟು ಹಟ ಹಿಡಿಯಲು ಕಾರಣ ಯಾವ ಪತಂಗ ಎಲ್ಲೆಲ್ಲಿದೆ ಎಂದು ತೋರಿಸುವ ಹಂಚಿಕೆಯ ನಕ್ಷೆ; ಗುರುತು ತಪ್ಪಿದರೆ ನಕ್ಷೆಯೂ ತಪ್ಪುತ್ತದೆ. ಬದನೆಯ ಕುಡಿ ಮತ್ತು ಕಾಯಿ ಕೊರಕ ಲ್ಯೂಸಿನೋಡಿಸ್ ಆರ್ಬೋನಾಲಿಸ್ ಆಫ್ರಿಕಾದಲ್ಲೂ ಇದೆಯೆಂದು ಬಹುಕಾಲ ದಾಖಲಾಗಿತ್ತು. ಅಲ್ಲಿನ ಮಾದರಿಗಳನ್ನು ಬಿಡಿಸಿ ನೋಡಿದಾಗ ಅವು ಬೇರೆಯೇ ಪ್ರಭೇದಗಳೆಂದು 2015ರಲ್ಲಿ ಪ್ರಕಟವಾಯಿತು. ಆದ್ದರಿಂದ ಅಳ್ನಾವರದ ಕಾಡಂಚಿನಿಂದ ಹುಬ್ಬಳ್ಳಿಯ ಎರೆಹೊಲಗಳನ್ನು ದಾಟಿ ಗದುಗಿನ ಕಪ್ಪತಗುಡ್ಡದವರೆಗೆ ನಾನು ಹಾಕುತ್ತಿರುವ ಚುಕ್ಕೆಗಳಲ್ಲಿ, ಕೊಯ್ದು ನೋಡಿದ್ದಕ್ಕೆ ತುಂಬಿದ ಚುಕ್ಕೆ, ಬರೀ ಫೋಟೊದಿಂದ ಗುರುತಿಸಿದ್ದಕ್ಕೆ ಖಾಲಿ ಚುಕ್ಕೆ. ಉಷ್ಣವಲಯದಲ್ಲೆಲ್ಲ ಹಬ್ಬಿರುವ ಸ್ಪೋಲಾಡಿಯಾ ರಿಕರ್ವಾಲಿಸ್ ಪತಂಗ ರಾಜಗಿರಿ ಸೊಪ್ಪು ಬೆಳೆದ ಕಡೆಯೆಲ್ಲ ಬರುವುದರಿಂದ ಅದನ್ನು ನಕ್ಷೆಯಿಂದಲೇ ಕೈಬಿಟ್ಟಿದ್ದೇನೆ. ಮಳೆ ಕಡಿಮೆಯಾದಂತೆ ಯಾರು ಉಳಿಯುತ್ತಾರೆಂದು ತೋರಿಸಬಲ್ಲವು ಹುಲ್ಲನ್ನು ನೆಚ್ಚಿದ ಈ ಬಡಪಾಯಿಗಳೇ.

ಈ ನಡುವೆ ಮನಸ್ಸು ಹಾನಗಲ್ಲಿನ ಭತ್ತದ ಗದ್ದೆಗಳ ಕಡೆ ಓಡುತ್ತಿದೆ. ಅಲ್ಲಿ ಹುಡುಕಬೇಕೆಂದಿರುವ ಪ್ಯಾರಾಪಾಯಿಂಕ್ಸ್ ಸ್ಟ್ಯಾಗ್ನಾಲಿಸ್ ಎಂಬ ಪತಂಗದ ಮರಿಹುಳು ಎಲೆಯ ತುಂಡಿನಿಂದ ಕೊಳವೆ ಮಾಡಿಕೊಂಡು, ಮೈತುಂಬ ಎಳೆಎಳೆ ಕಿವಿರುಗಳೊಂದಿಗೆ ನೀರಿನಲ್ಲಿಯೇ ಬದುಕುತ್ತದೆ. ಅದನ್ನು ಮನೆಯಲ್ಲಿ ಸಾಕುವುದಕ್ಕೆ ಗಾಜಿನ ತೊಟ್ಟಿ ಸಿದ್ಧವಾಗಿದೆ. ಗಾಳಿಪಂಪಿಗೆ ಮಾತ್ರ ಬೇರೆ ಅಂಗಡಿ ನೋಡಿಕೊಂಡಿದ್ದೇನೆ.