ಫನುವೇಲನ ಮಗಳು ಮತ್ತು ನಮ್ಮ ಅಜ್ಜಿ

ಕ್ರಿಸ್ಮಸ್ಸಿನಿಂದ ಎಣಿಸಿದರೆ ನಲವತ್ತನೆಯ ದಿನವಾದ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬವನ್ನು ಕಥೋಲಿಕ ಧರ್ಮಸಭೆ ಆಚರಿಸುತ್ತದೆ. ಮೇಣದಬತ್ತಿಗಳನ್ನು ಆಶೀರ್ವದಿಸಿ, ಅವನ್ನು ಹೊತ್ತಿಸಿಕೊಂಡು ಮೆರವಣಿಗೆಯಲ್ಲಿ ಒಳಗೆ ಸಾಗುವ ಈ ಹಬ್ಬ ಬಹಳ ಹಳೆಯದು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಎಗೇರಿಯಾ ಎಂಬ ಮಹಿಳೆ, ಅಲ್ಲಿಯ ಜನ ಇದನ್ನು ಪಾಸ್ಖ (ಈಸ್ಟರ್) ಹಬ್ಬದಂತೆಯೇ ಅತ್ಯಂತ ಸಂತೋಷದಿಂದ ನಡೆಸುತ್ತಿದ್ದರೆಂದು ಬರೆದಿಟ್ಟಿದ್ದಾಳೆ. ನಮ್ಮ ಅಜ್ಜಿಗೂ ವರ್ಷದ ಹಬ್ಬಗಳಲ್ಲೆಲ್ಲ ಇದು ಅಚ್ಚುಮೆಚ್ಚಿನದಾಗಿತ್ತು. ಆ ದಿನ ಓದುವ ಶುಭಸಂದೇಶದಲ್ಲಿ, ಅಂದರೆ ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಭಾಗದಲ್ಲಿ, ಒಬ್ಬ ಮುದುಕಿ ಬರುತ್ತಾಳೆ ಎಂಬುದೇ ಅದಕ್ಕೆ ಕಾರಣ.

ಅಸೇರನ ಕುಲದ ಫನುವೇಲನ ಮಗಳಾದ ಅನ್ನಳು ಮದುವೆಯಾಗಿ ಏಳು ವರ್ಷ ಗಂಡನೊಡನೆ ಬಾಳಿ ವಿಧವೆಯಾದವಳು. ದೇವಾಲಯವನ್ನು ಬಿಟ್ಟುಹೋಗದೆ, ಹಗಲಿರುಳು ಉಪವಾಸ ಪ್ರಾರ್ಥನೆಗಳಲ್ಲಿ ದೇವರ ಸೇವೆ ಮಾಡುತ್ತಿದ್ದವಳು. ಈ ಶುಭಸಂದೇಶವನ್ನು ಬರೆದ ಲೂಕನು ಅವಳಿಗೆ ಕೊಟ್ಟಿರುವುದು ತನ್ನ ಎರಡನೆಯ ಅಧ್ಯಾಯದ ಮೂರು ವಚನಗಳನ್ನು ಮಾತ್ರ. ಅದೇ ಹೊತ್ತಿನಲ್ಲಿ ಅದೇ ಮಗುವನ್ನು ಕಂಡ ಸಿಮೆಯೋನನ ಸ್ತುತಿಗೀತೆಯನ್ನು ಧರ್ಮಸಭೆ ಇಂದಿಗೂ ರಾತ್ರಿಯ ಪ್ರಾರ್ಥನೆಯಲ್ಲಿ ಪಠಿಸುತ್ತದೆ. ಅನ್ನಳ ಬಾಯಿಂದ ಬಂದ ಒಂದು ಮಾತೂ ನಮಗೆ ಉಳಿದಿಲ್ಲ. ಮೂರು ವಚನಗಳಲ್ಲಿ ಒಂದು ದೀರ್ಘಾಯುಷ್ಯ ಮುಗಿದುಹೋಗುವುದನ್ನು ಓದುವಾಗಲೆಲ್ಲ, ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕಗಳಲ್ಲಿ ಅಜ್ಜಿಯ ಹೆಸರಿರುವ ಸಾಲುಗಳು ನನಗೆ ನೆನಪಾಗುತ್ತವೆ: ದೀಕ್ಷಾಸ್ನಾನಕ್ಕೊಂದು, ವಿವಾಹಕ್ಕೊಂದು, ಸಮಾಧಿಗೊಂದು. ತೊಂಬತ್ತು ದಾಟಿದ ಬದುಕಿನ ಬಗ್ಗೆ ಅಲ್ಲಿ ಬೇರೇನೂ ಇಲ್ಲ.

ಅನ್ನಳ ಬಗ್ಗೆ ಹೇಳುವ ಎಂಬತ್ತನಾಲ್ಕು ವರ್ಷ ಅವಳ ವಯಸ್ಸೋ, ವೈಧವ್ಯದ ಅವಧಿಯೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಎರಡು ಅಭಿಪ್ರಾಯಗಳಿವೆ. ಎರಡನೆಯದನ್ನು ಒಪ್ಪಿದರೆ ಆಕೆಗೆ ನೂರು ದಾಟಿರಬೇಕು. ಒಮ್ಮೆ ಪ್ರಬೋಧನೆಯಲ್ಲಿ ಗುರುಗಳು ಇದನ್ನು ವಿವರಿಸಿದಾಗ ಅಜ್ಜಿ ಮುಸಿಮುಸಿ ನಕ್ಕಿದ್ದಳು. ಹೊರಗೆ ಬಂದ ಮೇಲೆ ಏಕೆ ನಕ್ಕೆ ಎಂದು ಕೇಳಿದರೆ, “ಸಿಮೆಯೋನನ ವಯಸ್ಸು ಎಷ್ಟೆಂದು ಲೂಕ ಬರೆದಿದ್ದಾನೆಯೇ ನೋಡು. ಗಂಡಸಿನದನ್ನು ಬಿಟ್ಟು ಹೆಂಗಸಿನದನ್ನು ಮಾತ್ರ ಬರೆದಿದ್ದಾನೆ. ವೈದ್ಯನಲ್ಲವೇ, ಎಲ್ಲವನ್ನೂ ವಿಚಾರಿಸಿ ಚೀಟಿ ಬರೆಯುವ ಅಭ್ಯಾಸ!” ಎಂದಳು. ಅವಳು ಹೇಳಿದ್ದು ನಿಜ. ಸಿಮೆಯೋನನ ವಯಸ್ಸು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ಲೂಕನು ವೈದ್ಯನೆಂಬುದನ್ನು ಅವಳು ಕೊಲೊಸ್ಸೆಯರಿಗೆ ಪೌಲನು ಬರೆದ ಪತ್ರದಿಂದ ಹೆಕ್ಕಿಕೊಂಡಿದ್ದಳು. ಹಾಸ್ಯ ಮಾಡುವುದಕ್ಕೂ ಬೈಬಲನ್ನು ಇಷ್ಟು ಎಚ್ಚರಿಕೆಯಿಂದ ಓದಬೇಕಾಗುತ್ತದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಜಪಸರದ ವಿಷಯದಲ್ಲಿಯೂ ಹೀಗೆಯೇ. ಮಣಿ ಎಣಿಸುತ್ತಾ ಯೇಸು ಮರಿಯರ ಬದುಕಿನ ಘಟನೆಗಳನ್ನು ‘ರಹಸ್ಯ’ಗಳೆಂದು ಧ್ಯಾನಿಸುವ ಈ ಪ್ರಾರ್ಥನೆಯಲ್ಲಿ, ಸೋಮವಾರ ಮತ್ತು ಗುರುವಾರ ಸಂತೋಷದ ರಹಸ್ಯಗಳನ್ನು ಧ್ಯಾನಿಸುವುದು ಅವಳಿಗೆ ಬಾಲ್ಯದಿಂದ ಬಂದ ರೂಢಿ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬೆಳಕಿನ ರಹಸ್ಯಗಳನ್ನು ಸೇರಿಸಿ ಅವನ್ನು ಗುರುವಾರಕ್ಕೆ ಸೂಚಿಸಿದ್ದರಿಂದ, ಅಂದಿನ ಸಂತೋಷದ ರಹಸ್ಯಗಳು ಶನಿವಾರಕ್ಕೆ ಹೋದವು. “ನನ್ನ ಗುರುವಾರದ ಸಂತೋಷಕ್ಕೆ ಶನಿವಾರಕ್ಕೆ ವರ್ಗವಾಯಿತು” ಎಂದು ಅಜ್ಜಿ ಮನೆಗೆ ಬಂದವರಿಗೆಲ್ಲ ಹೇಳಿದಳು. ಹೇಳಿದ್ದು ನಗುತ್ತಲೇ, ಆದರೆ ಬದಲಾದ ಕ್ರಮವನ್ನು ಆ ವಾರದಿಂದಲೇ ಪಾಲಿಸಿದಳು. ನಾಲ್ಕನೆಯ ರಹಸ್ಯವಾದ ಸಮರ್ಪಣೆಗೆ ಬಂದಾಗ ಅವಳ ಬೆರಳು ಮಣಿಗಳ ಮೇಲೆ ಇನ್ನಷ್ಟು ನಿಧಾನವಾಗುತ್ತಿತ್ತು.

ಹೀಗೆ ನಗುವವರನ್ನು ಕಂಡರೆ, ಅವರಿಗೇನು, ಕಷ್ಟ ಕಂಡವರಲ್ಲ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅಜ್ಜಿ ಮಕ್ಕಳು ಚಿಕ್ಕವರಿರುವಾಗಲೇ ಗಂಡನನ್ನು ಕಳೆದುಕೊಂಡವಳು, ಬೆಳೆದ ಒಬ್ಬ ಮಗನನ್ನು ತನ್ನ ಕಣ್ಣೆದುರೇ ಮಣ್ಣಿಗೆ ಒಪ್ಪಿಸಿದವಳು. ಆ ದಿನಗಳ ಬಗ್ಗೆ ಅವಳು ಹೆಚ್ಚು ಮಾತನಾಡಲಿಲ್ಲ, ನಾನೂ ಇಲ್ಲಿ ಹೆಚ್ಚು ಬರೆಯಲಾರೆ. ಮಗ ತೀರಿಕೊಂಡ ಮುಂದಿನ ಭಾನುವಾರವೂ ಅವಳು ಬಲಿಪೂಜೆಗೆ ಹೋಗಿ ಎಂದಿನ ಬೆಂಚಿನಲ್ಲಿ ಕುಳಿತಿದ್ದಳೆಂದೂ, ಅಂದು ಹಾಡಲಿಲ್ಲವೆಂದೂ ಅಮ್ಮ ಹೇಳುತ್ತಿದ್ದರು. ಸದಾ ಆನಂದಿಸಿರಿ ಎಂದು ಫಿಲಿಪ್ಪಿಯರಿಗೆ ಬರೆದ ಪೌಲನು ಆಗ ಸೆರೆಯಲ್ಲಿದ್ದ ಎಂಬುದನ್ನು ನಾವು ಓದುವಾಗ ಮರೆತುಬಿಡುತ್ತೇವೆ. ಅವನ ಆನಂದಕ್ಕೆ ಬಾಗಿಲು ತೆರೆಯುವವರೆಗೆ ಕಾಯುವ ಅಗತ್ಯವಿರಲಿಲ್ಲ. ಅಜ್ಜಿಯ ನಗು ಆ ಜಾತಿಯದು, ಹುಟ್ಟುಗುಣಕ್ಕಿಂತ ಹೆಚ್ಚಾಗಿ ಅದು ಅವಳು ಸಲ್ಲಿಸುತ್ತಿದ್ದ ಸೇವೆಯೇ ಆಗಿತ್ತು ಎಂದು ನನಗೆ ಅನ್ನಿಸುತ್ತದೆ.

ಕೊನೆಯ ವರ್ಷಗಳಲ್ಲಿ ಮೆಟ್ಟಿಲು ಹತ್ತಲಾಗದೆ ಮನೆಯಲ್ಲಿಯೇ ಉಳಿದಾಗ ಗುರುಗಳು ಪರಮಪ್ರಸಾದವನ್ನು ಮನೆಗೇ ತರುತ್ತಿದ್ದರು. ಆ ಬೆಳಿಗ್ಗೆ ಅವಳು ಹಬ್ಬದ ಬಟ್ಟೆಯನ್ನೇ ಉಡುತ್ತಿದ್ದಳು. 2021ರ ಜನವರಿ 31ರಂದು ಪೋಪ್ ಫ್ರಾನ್ಸಿಸ್ ಅವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಘೋಷಿಸಿದಾಗ ನೆನೆದದ್ದು ಸಿಮೆಯೋನ ಮತ್ತು ಅನ್ನಳನ್ನೇ. ಯೇಸುವಿನ ಅಜ್ಜ ಅಜ್ಜಿಯರಾದ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬವಾದ ಜುಲೈ 26ರ ಆಸುಪಾಸಿನಲ್ಲಿ ಅದು ಬರುತ್ತದೆ. ಅಜ್ಜಿ ಇದ್ದಿದ್ದರೆ, ಕ್ಯಾಲೆಂಡರಿನಲ್ಲಿ ನಮಗೂ ಒಂದು ಭಾನುವಾರ ಸಿಕ್ಕಿತಲ್ಲ ಎಂದು ಖಂಡಿತ ಹಿಗ್ಗುತ್ತಿದ್ದಳು.

ಅನ್ನಳು ಆಡಿದ ಮಾತನ್ನು ಲೂಕನು ದಾಖಲಿಸಲಿಲ್ಲವಾದರೂ, ಅವಳು ಯಾರೊಡನೆ ಮಾತನಾಡಿದಳು ಎಂಬುದನ್ನು ಬರೆದಿದ್ದಾನೆ: ಜೆರುಸಲೇಮಿನ ಬಿಡುಗಡೆಯನ್ನು ಎದುರುನೋಡುತ್ತಿದ್ದ ಎಲ್ಲರೊಡನೆ. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅಜ್ಜಿ ಅಷ್ಟು ಹೊತ್ತು ನಿಲ್ಲುತ್ತಿದ್ದದ್ದು ನಮಗೆ ಮಕ್ಕಳಿಗೆ ಬೇಸರದ ವಿಷಯವಾಗಿತ್ತು. ಒಬ್ಬರ ಮಂಡಿನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಕೆಲಸ ಕಳೆದುಕೊಂಡವನ ಮುಂದಿನ ದಾರಿ, ಎಲ್ಲವನ್ನೂ ಅಲ್ಲಿ ವಿಚಾರಿಸಿ, ಒಂದು ಮಾತಿನಿಂದ ಅವರನ್ನು ನಗಿಸಿಯೇ ಅವಳು ಹೊರಡುತ್ತಿದ್ದಳು. ಅವಳು ತೀರಿಕೊಂಡಾಗ ನಾವು ಗುರುತೇ ಹಿಡಿಯದ ಎಷ್ಟೋ ಜನ ಬಂದು, ತಮಗೆ ಅವಳು ಹೇಳಿದ್ದ ಮಾತನ್ನು ಒಬ್ಬೊಬ್ಬರಾಗಿ ನಮಗೆ ಒಪ್ಪಿಸಿದರು. ಅವುಗಳಲ್ಲಿ ಒಂದನ್ನೂ ನಾವು ಮೊದಲು ಕೇಳಿರಲಿಲ್ಲ. ಗಾಯನವೃಂದದ ಒಬ್ಬ ಯುವಕ, ತಾನು ಹೊಸದಾಗಿ ಸೇರಿ ಶ್ರುತಿ ತಪ್ಪಿ ಹಾಡಿದ ದಿನ ಅಜ್ಜಿ ತನ್ನ ಕೈಹಿಡಿದು, “ದೇವರಿಗೆ ಎಲ್ಲ ದನಿಗಳೂ ಬೇಕು ಮಗಾ, ನಿನ್ನದು ಸ್ವಲ್ಪ ಮೆತ್ತಗೆ ಬೇಕು” ಎಂದಿದ್ದನ್ನು ಹೇಳಿ ಅಳುತ್ತಲೇ ನಕ್ಕ. ಆಮೇಲೆ ಅವನು ಒಳಗೆ ಹೋಗಿ ಅವಳ ಸಮಾಧಿಯ ಬಲಿಪೂಜೆಗೆ ಹಾಡಿದ, ಸ್ವಲ್ಪವೂ ಮೆತ್ತಗಾಗದ ದನಿಯಲ್ಲಿ.