ಕೆಳಗೆ ನಿಂತವನ ಕೂಲಿ

ಫೋನಿನಲ್ಲಿ ರೇಟ್ ಕೇಳುವವರಿಗೆ ನನ್ನ ಉತ್ತರ ಒಂದೇ. ಮರ ನೋಡಬೇಕು ಸಾರ್. "ಒಂದು ಅಂದಾಜು ಹೇಳ್ರೀ" ಅಂತಾರೆ. ಅಂದಾಜು ಹೇಳಿದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹೋಗಿ ನೋಡಿದರೆ ಮರದ ಒಂದು ಕಡೆ ಕರೆಂಟ್ ಲೈನ್, ಇನ್ನೊಂದು ಕಡೆ ಪಕ್ಕದ ಮನೆಯ ಶೀಟು, ಬುಡದಲ್ಲಿ ಹೊಸ ಕಾರು. ಕಾರು ತೆಗೆಯಿರಿ ಅಂದರೆ ಕೀ ಮಗನ ಹತ್ತಿರ ಇದೆ, ಅವನು ಬೆಂಗಳೂರಿನಲ್ಲಿ ಇದಾನೆ ಅಂತಾರೆ!

ನಾನು ದಾವಣಗೆರೆಯಲ್ಲಿ ಮರ ಕಡಿಯುವ, ಕೊಂಬೆ ಸವರುವ ಕೆಲಸ ಮಾಡುತ್ತೇನೆ. ಕಂಪನಿ ಇಲ್ಲ, ಬೋರ್ಡ್ ಇಲ್ಲ. ನಂಬರ್ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಅಷ್ಟೇ. ಅಪ್ಪ ಹತ್ತಿ ಗಿರಣಿಯಲ್ಲಿ ಇದ್ದವರು. ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಕೊಡಲಿ ಹಿಡಿದರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತಲ್ಲ, ಆ ಹೊತ್ತಿಗೆ ಸುತ್ತ ಬಡಾವಣೆಗಳು ಏಳುತ್ತಿದ್ದವು. ಸೈಟಿನಲ್ಲಿದ್ದ ಜಾಲಿ, ಬೇವು ತೆಗೆಯುವ ಕೆಲಸಕ್ಕೆ ಬರ ಇರಲಿಲ್ಲ. ಆಮೇಲೆ ಮನೆ ಮುಂದೆ ಜನ ಸಸಿ ನೆಟ್ಟರು. ಅವೇ ಈಗ ದೊಡ್ಡ ಮರಗಳಾಗಿ ತಾರಸಿ ಮೇಲೆ ಬಾಗಿವೆ. ಅಪ್ಪನಿಗೆ ತೆಗೆಯುವ ಕೆಲಸ ಇತ್ತು, ನನಗೆ ಸವರುವ ಕೆಲಸ ಇದೆ.

ನಮ್ಮ ಪೈಕಿ ಯಾರೂ ಯಾರ ಕೈಕೆಳಗೂ ಇಲ್ಲ. ಗುತ್ತಿಗೆ ಯಾರಿಗೆ ಬಂತೋ ಆವತ್ತು ಅವನು ಯಜಮಾನ. ನಾಳೆ ಅವನೇ ಇನ್ನೊಬ್ಬನ ಕೆಲಸಕ್ಕೆ ಹೋಗಿ ಸೊಪ್ಪು ಎಳೆಯುತ್ತಾನೆ. ಹಳ್ಳಿಯಲ್ಲಿ ಕಳೆ, ಕೊಯ್ಲಿಗೆ ಮುಯ್ಯಾಳು ಹೋಗುತ್ತಾರಲ್ಲ, ಲೆಕ್ಕ ಹಾಗೇ. ಫೋನಿನಲ್ಲಿ ಹೆಸರೂ ಹಾಗೇ ಇರುತ್ತದೆ: ಹೊನ್ನಾಳಿ ಹಗ್ಗ, ಜಗಳೂರು ಮಿಷಿನ್, ಹರಿಹರ ಟ್ರ್ಯಾಕ್ಟರ್. ಜಗಳೂರಿನವನ ನಿಜವಾದ ಹೆಸರು ನನಗೆ ಗೊತ್ತಾಗಿದ್ದು ಅವನ ಮದುವೆ ಕಾರ್ಡ್ ನೋಡಿ. ನಾನು ಅವನ ಫೋನಿನಲ್ಲಿ 'ಗುಲ್ಮೊಹರ್ ಬೇಡ' ಅಂತ ಇದ್ದೇನಂತೆ. ಅದಕ್ಕೆ ಕಾರಣ ಇದೆ.

ಗುಲ್ಮೊಹರ್ ಮರಕ್ಕೆ ಹತ್ತುವುದಕ್ಕೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ನೋಡಲು ಚೆಂದ, ಏಪ್ರಿಲ್, ಮೇ ತಿಂಗಳಲ್ಲಿ ಬೀದಿಯೆಲ್ಲ ಕೆಂಪು. ಆದರೆ ಕೊಂಬೆ ಮುನ್ಸೂಚನೆ ಕೊಡದೆ ಲಟಕ್ಕನೆ ಮುರಿಯುತ್ತದೆ. ಸಿಲ್ವರ್ ಓಕ್ ಕೂಡ ಅದೇ ಜಾತಿಯ ಬುದ್ಧಿಯದು. ನುಗ್ಗೆ ಬಗ್ಗೆ ಹೇಳುವುದೇ ಬೇಡ, ಅಜ್ಜಿಯರೇ ಮೊದಲು ಬೈಯುತ್ತಾರೆ. ಹುಣಸೆ ಹಾಗಲ್ಲ. ಬೆರಳು ದಪ್ಪದ ರೆಂಬೆಯೂ ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಆದರೆ ಹಳೇ ಹುಣಸೆಯ ಹೊಟ್ಟೆ ಟೊಳ್ಳಾಗಿರಬಹುದು. ಅದಕ್ಕೇ ಹತ್ತುವ ಮೊದಲು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಸುತ್ತಲೂ ಬಡಿದು ಸದ್ದು ಕೇಳುತ್ತೇವೆ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ ಅಂತಲೇ ಲೆಕ್ಕ. ಇತ್ತೀಚೆಗೆ ಇನ್ನೊಂದು ನೋಡಬೇಕಾಗಿದೆ: ಚರಂಡಿಗೆ, ಪೈಪಿಗೆ, ಫುಟ್‌ಪಾತಿಗೆ ಅಂತ ಜೆಸಿಬಿ ಯಾವ ಕಡೆ ಬೇರು ಕಿತ್ತಿದೆ ಅಂತ. ಮೇಲೆ ಸಿಮೆಂಟ್ ಹಾಕಿದ ಮೇಲೆ ಗೊತ್ತೇ ಆಗುವುದಿಲ್ಲ. ಒಂದು ಕಡೆ ಬೇರಿಲ್ಲದ ಮರ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಹಾಗೇ ಮಲಗುತ್ತದೆ. ಆಮೇಲೆ ಎಲ್ಲರೂ ಮರಕ್ಕೆ ಬೈಯುತ್ತಾರೆ.

ಮಳೆಮರದ ಕೆಲಸ ಹೇಗಿರುತ್ತದೆ ಅಂತ ಹೇಳಿದರೆ ನಮ್ಮ ಲೆಕ್ಕಾಚಾರ ಅರ್ಥವಾಗಬಹುದು. ಕಳೆದ ಬೇಸಿಗೆಯಲ್ಲಿ ಹಳೇ ದಾವಣಗೆರೆಯಲ್ಲಿ ಒಂದು ಹೆಂಚಿನ ಮನೆ. ಮರ ಪಕ್ಕದ ಖಾಲಿ ಜಾಗದಲ್ಲಿದೆ. ಒಂದು ಕೊಂಬೆ ಮಾತ್ರ ಮನೆಯ ಮಾಡಿನ ಮೇಲೆ ಅಡ್ಡಡ್ಡ ಚಾಚಿದೆ. ಸೊಂಟದಷ್ಟು ದಪ್ಪ. ಕಡಿದು ಬೀಳಿಸುವ ಹಾಗಿಲ್ಲ, ತೂಗುಹಾಕಿಯೇ ಇಳಿಸಬೇಕು. ನಾನು ಮೇಲೆ, ಹೊನ್ನಾಳಿ ಅಣ್ಣ ಕೆಳಗೆ. ಮಿಣಿಯ ಒಂದು ತುದಿಯನ್ನು ಕೊಂಬೆಗೆ ಕಟ್ಟಿ, ಮೇಲಿನ ಗಟ್ಟಿ ಕವಲಿನ ಮೇಲೆ ಹಾಯಿಸಿ, ಕೆಳಗೆ ಬಿಟ್ಟೆ. ಅಣ್ಣ ಅದನ್ನು ಮರದ ಬುಡಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದರು. ಆ ಎರಡು ಸುತ್ತಿನಲ್ಲೇ ಇರುವುದು ಎಲ್ಲ. ಬರೀ ಕೈಯಲ್ಲಿ ಹಿಡಿದರೆ ಕೊಂಬೆ ಆಳನ್ನೇ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ. ಸುತ್ತು ಜಾಸ್ತಿ ಆದರೆ ಹಗ್ಗ ಜಾರುವುದಿಲ್ಲ, ಕೊಂಬೆ ಜೋಲಾಡಿ ಬಂದು ಮೇಲಿರುವವನ ಎದೆಗೇ ಬಡಿಯುತ್ತದೆ. ಯಾವ ಮರಕ್ಕೆ ಎಷ್ಟು ಸುತ್ತು, ಯಾವಾಗ ಎಷ್ಟು ಮೊಳ ಸಡಿಲಿಸಬೇಕು ಅನ್ನುವುದು ಅವರ ಅಂಗೈಗೆ ಗೊತ್ತು.

ಮಿಷಿನ್ ಅಂದರೆ ಚೈನ್‌ಸಾ, ಮರ ಕೊಯ್ಯುವ ಯಂತ್ರ. ಅದು ಓಡುವಾಗ ಮಾತು ಕೇಳುವುದಿಲ್ಲ. ನಿಲ್ಲಿಸಿ ಕೂಗಬೇಕು. ನಮ್ಮಲ್ಲಿ ಎರಡೇ ಕೂಗು, "ಸಡ್ಲ" ಮತ್ತು "ಬಿಗಿ". ಬಿಡು ಅಂತ ಯಾರೂ ಕೂಗುವ ಹಾಗಿಲ್ಲ. ಹೊಸಬನೊಬ್ಬ ಹಾಗೆ ಕೇಳಿಸಿಕೊಂಡು ಹಗ್ಗವನ್ನೇ ಕೈಬಿಟ್ಟರೆ ಮುಗೀತು.

ಆವತ್ತು ಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಿದೆವು. ಕೊನೇ ತುಂಡು ದೊಡ್ಡದು. ಬುಡದಿಂದ ಒಂದು ಗೇಣು ಮುಂದಕ್ಕೆ ಮೊದಲು ಅಡಿಯಿಂದ ಕೊಯ್ದೆ, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಅಡಿಯಿಂದ ಕೊಯ್ಯದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸಿಗಿದುಕೊಂಡು ಹೋಗುತ್ತದೆ. ಚಟ್ ಅಂತ ಸದ್ದು ಬಂತು, ಕೊಂಬೆ ಒಂದಡಿ ಕುಸಿದು ಹಗ್ಗಕ್ಕೆ ನಿಂತಿತು. ಬುಡದ ತೊಗಟೆಯಿಂದ ಹೊಗೆ ಬಂದ ಹಾಗೆ ಪುಡಿ ಎದ್ದಿತು. ಅಣ್ಣ ಮೇಲೆ ನೋಡಲೇ ಇಲ್ಲ. ಅವರ ಕಣ್ಣು ಹಗ್ಗದ ಮೇಲೆ, ಕಿವಿ ನನ್ನ ಮೇಲೆ. ಇಳಿಸಿದ್ದು ಎಷ್ಟು ನಿಧಾನ ಅಂದರೆ, ಅಂಗಳದಲ್ಲಿದ್ದ ಹುಡುಗರು ಕೈಚಾಚಿ ಎಲೆ ಹಿಡಿದು ತಮ್ಮ ಕಡೆ ಎಳೆದುಕೊಂಡರು. ಒಂದು ಹೆಂಚೂ ಅಲುಗಲಿಲ್ಲ.

ದುಡ್ಡು ಕೊಡುವಾಗ ಮನೆಯವರು ಕೇಳಿದರು. "ನೀವು ಮೇಲೆ ಹತ್ತಿದ್ರಿ ಸರಿ. ಆ ಯಜಮಾನರು ಸುಮ್ನೆ ಹಗ್ಗ ಹಿಡ್ಕೊಂಡು ನಿಂತಿದ್ರಲ್ಲ, ಅವರಿಗೂ ಅಷ್ಟೇ ಯಾಕೆ?"

ಈ ಪ್ರಶ್ನೆ ನಮಗೆ ಎಲ್ಲ ಕಡೆಯೂ ಬರುತ್ತದೆ. ನಮ್ಮ ಕಟ್ಟುಪಾಡು ಇದೊಂದೇ: ಹತ್ತುವವನಿಗೆ ಎಷ್ಟೋ ಹಗ್ಗ ಹಿಡಿಯುವವನಿಗೂ ಅಷ್ಟೇ. ಸೊಪ್ಪು ಎಳೆಯುವವರಿಗೆ, ಲೋಡ್ ಮಾಡುವವರಿಗೆ ಬೇರೆ ಕೂಲಿ. ಹಗ್ಗದ ಕೂಲಿಯಲ್ಲಿ ಚೌಕಾಸಿ ಇಲ್ಲ. ರೇಟಿಗೋಸ್ಕರ ಹಗ್ಗದವನನ್ನು ಬಿಟ್ಟು ಹೋಗುವವರು ಊರಲ್ಲಿ ಇದ್ದಾರೆ. ನಾವು ಐದು ಸಾವಿರ ಹೇಳಿದ ಕೆಲಸಕ್ಕೆ ಎರಡೂವರೆ ಹೇಳುತ್ತಾರೆ. ಹೇಗೆ ಸಾಧ್ಯ ಅಂದರೆ ಹೀಗೆ. ಅವರ ಜೊತೆ ನಮಗೆ ಜಗಳ ಇಲ್ಲ, ಟೀ ಕುಡಿಯುತ್ತೇವೆ. ಆದರೆ ಮುಯ್ಯಿಗೆ ಕರೆದರೆ ಹೋಗುವುದಿಲ್ಲ.

ನಾವು ನಾವೇ ಕಚ್ಚಾಡುವುದಿಲ್ಲ ಅಂತಲ್ಲ. ಕಚ್ಚಾಡುತ್ತೇವೆ, ಅದೂ ಮಿಷಿನ್ ವಿಷಯಕ್ಕೆ. ಜಗಳೂರಿನವನ ಚೈನ್‌ಸಾ ಚೆನ್ನಾಗಿದೆ, ಎಲ್ಲರಿಗೂ ಬೇಕು. ತಗೊಂಡು ಹೋದವನು ಟ್ಯಾಂಕ್ ತುಂಬಿಸಿ, ಚೈನಿನ ಹಲ್ಲು ಅರದಿಂದ ಉಜ್ಜಿಸಿ ವಾಪಸ್ ಕೊಡಬೇಕು. ಪೆಟ್ರೋಲಿಗೆ ಆಯಿಲ್ ಅಳತೆ ಮಾಡಿ ಹಾಕಿರಬೇಕು, ಅವನ ಮಿಷಿನ್ನಿಗೆ ಲೀಟರಿಗೆ 20 ಮಿಲಿ. ಕಣ್ಣಂದಾಜಿನಲ್ಲಿ ಸುರಿದರೆ ಅವನಿಗೆ ಹೊಗೆಯ ವಾಸನೆಯಲ್ಲೇ ಗೊತ್ತಾಗುತ್ತದೆ. ಒಂದು ವಾರ ಮಾತು ಬಿಡುತ್ತಾನೆ. ಮೊಂಡು ಹಲ್ಲಿನ ಚೈನ್ ಕೊಟ್ಟವನಿಗೆ ಮುಂದಿನ ಸಲ ಗರಗಸ ಕೊಡುತ್ತಾನೆ, ನಗುತ್ತಲೇ.

ಸೌದೆ ಮಾರುವುದರಲ್ಲೂ ಗಲಾಟೆ ಇರುತ್ತದೆ. ಬೆಣ್ಣೆದೋಸೆ ಹೋಟೆಲಿನವರು ಹುಣಸೆ, ಜಾಲಿ ಇದ್ದರೆ ಫೋನ್ ಮಾಡಿ ಅಂತಾರೆ. ಬೆಂಕಿ ಹದವಾಗಿ ನಿಲ್ಲುತ್ತದೆ. ಗುಲ್ಮೊಹರ್ ಅಂದರೆ ಮುಖ ತಿರುಗಿಸುತ್ತಾರೆ. ಸೊಪ್ಪು ಆಡು ಸಾಕಿದವರಿಗೆ, ಅದಕ್ಕೆ ದುಡ್ಡಿಲ್ಲ. ಸಂಜೆ ಸೌದೆ ದುಡ್ಡಿನಲ್ಲಿ ಮಂಡಕ್ಕಿ, ಮಿರ್ಚಿ ಆಗಲೇಬೇಕು. ದಾವಣಗೆರೆ ಅಂದರೆ ಹೊರಗಿನವರಿಗೆ ದೋಸೆ, ನಮಗೆ ಮಂಡಕ್ಕಿಯೇ.

ಜನ ಬಂದು ಹೇಳುವ ಇನ್ನೊಂದು ಮಾತು, "ಪೂರ್ತಿ ಬೋಳು ಮಾಡಿಬಿಡಿ, ಎರಡು ವರ್ಷ ತಲೆಬಿಸಿ ಇರಬಾರದು." ಬೋಳು ಮಾಡಿದರೆ ತಲೆಬಿಸಿ ಜಾಸ್ತಿಯೇ ಆಗುತ್ತದೆ. ಕಡಿದ ಬಾಯಿಂದ ಹತ್ತಾರು ಚಿಗುರು ಒಟ್ಟಿಗೆ ಎದ್ದು ಬೆಳೆಯುತ್ತವೆ, ಒಂದಕ್ಕೂ ಗಟ್ಟಿ ಹಿಡಿತ ಇರುವುದಿಲ್ಲ. ಕಡಿದ ಜಾಗ ಕೊಳೆಯುತ್ತದೆ. ಕೊಂಬೆ ಹುಟ್ಟುವಲ್ಲಿ ಉಬ್ಬಿದ ಕೊರಳು ಇರುತ್ತದಲ್ಲ, ಅದನ್ನು ಉಳಿಸಿ ಅದರ ಆಚೆಗೆ ಕೊಯ್ದರೆ ಸುತ್ತ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ಇಷ್ಟು ಹೇಳಿದರೂ ಬೋಳೇ ಬೇಕು ಅಂದರೆ ಹೊನ್ನಾಳಿ ಅಣ್ಣ ಹಗ್ಗ ಸುತ್ತಿ ಬೈಕಿಗೆ ಹಾಕಿಕೊಳ್ಳುತ್ತಾರೆ. ಮರವನ್ನೇ ತೆಗೆಯಬೇಕು ಅಂದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಅನುಮತಿ ತಗೊಳ್ಳಿ ಅಂತೀವಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆ ಬೇಡ. ನಮ್ಮ ಸ್ವಂತ ಸೈಟು, ನಮ್ಮ ಮರ ಅನ್ನುವ ವಾದ ಬೇವಿಗೆ, ಹೊಂಗೆಗೆ ನಡೆಯುವುದಿಲ್ಲ. ಹದ್ದು ಗೂಡು ಕಟ್ಟಿ ಮರಿ ಮಾಡಿದ್ದರೆ ಮರಿ ಹಾರುವವರೆಗೆ ನಾವೇ ಮುಂದಕ್ಕೆ ಹಾಕುತ್ತೇವೆ. ಹೆಜ್ಜೇನು ಇದ್ದರಂತೂ ಎಷ್ಟು ಕೊಟ್ಟರೂ ಇಲ್ಲ.

ಎರಡು ವರ್ಷದ ಹಿಂದೆ ಜಗಳೂರಿನವನ ಕಾಲು ಮುರಿಯಿತು. ಮರದಿಂದ ಬಿದ್ದಿದ್ದಲ್ಲ. ಕೆಳಗೆ ನಿಂತಿದ್ದಾಗ ಒಣ ಕೊಂಬೆ ಬಿತ್ತು. ಅದೇ ಕೊಂಬೆ ಕಾಂಪೌಂಡಿನ ಮೂಲೆಗೂ ತಾಗಿತ್ತು. ಆಟೋಗೆ ಅವನನ್ನು ಹತ್ತಿಸುತ್ತಿದ್ದಾಗ ಜಾಗದ ಮಾಲೀಕರು ಬಂದು ಕೇಳಿದ ಮೊದಲ ಮಾತು, "ಕಾಂಪೌಂಡ್ ಯಾರು ಕಟ್ಟಿಸಿಕೊಡ್ತೀರಿ?" ನಾನು ಏನೂ ಹೇಳಲಿಲ್ಲ. ಹೊನ್ನಾಳಿ ಅಣ್ಣ ಮರುದಿನ ಗಾರೆ ಕೆಲಸದವನನ್ನು ಕರೆದುಕೊಂಡು ಹೋಗಿ ಮೂಲೆ ಕಟ್ಟಿಸಿದರು. ದುಡ್ಡೂ ಅಣ್ಣನೇ ಕೊಟ್ಟರು. ಆದರೆ ಆ ರಸ್ತೆಯ ಕೆಲಸವನ್ನು ಇವತ್ತಿನವರೆಗೆ ನಾವು ಯಾರೂ ಒಪ್ಪಿಲ್ಲ.

ನಮಗೆಲ್ಲ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಒಂದು ಕೈಯೋ ಕಾಲೋ ಪೂರ್ತಿ ಹೋದರೆ 1 ಲಕ್ಷ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಿಂದ ಏನೂ ಬರುವುದಿಲ್ಲ. ಆ ಮೂರು ತಿಂಗಳು ಅವನ ಫೋನ್ ನನ್ನ ಹತ್ತಿರ ಇತ್ತು. ಅವನಿಗೆ ಬಂದ ಗುತ್ತಿಗೆಗಳನ್ನು ಅವನ ಹೆಸರಲ್ಲೇ ಮಾಡಿದೆವು. ಅವನ ಮಿಷಿನ್, ನಮ್ಮ ಮೈ. ಕೂಲಿ ತೆಗೆದು ಉಳಿದದ್ದು ಅವನ ಹೆಂಡತಿ ಕೈಗೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ ಇದು. ಹರಿಹರದವನು ಮಾತ್ರ ಸ್ವಲ್ಪ ಗೊಣಗಿದ, ಡೀಸೆಲ್ ಲೆಕ್ಕಕ್ಕೆ. ಆದರೂ ಟ್ರ್ಯಾಕ್ಟರ್ ತಂದ.

ಆಗಸ್ಟ್ ಕಳೆಯುತ್ತಿದ್ದ ಹಾಗೆ ನಮ್ಮಲ್ಲಿ ಅರ್ಧ ಜನ ಚನ್ನಗಿರಿ ಕಡೆ ಅಡಿಕೆ ಗೊನೆ ಇಳಿಸಲು ಹೋಗುತ್ತಾರೆ. ಈಗ ಉದ್ದನೆಯ ದೋಟಿ ಕೋಲು ಬಂದು ನೆಲದಲ್ಲಿ ನಿಂತೇ ಕೊಯ್ಯುತ್ತಾರೆ, ಹತ್ತುವವರಿಗೆ ಮೊದಲಿನಷ್ಟು ಕೆಲಸ ಇಲ್ಲ. ಹಾಗೆ ಕೆಲಸ ಕಡಿಮೆಯಾಗಿ ಅಲ್ಲಿಂದ ನಮ್ಮ ಜೊತೆ ಬಂದ ಹುಡುಗನೊಬ್ಬ ಇದ್ದಾನೆ. ಅಡಿಕೆ ಮರದಿಂದ ಮರಕ್ಕೆ ಜಿಗಿಯುತ್ತಿದ್ದವನು. ಅವನಿಗೆ ಎತ್ತರದ ಭಯ ಇಲ್ಲ, ಅದೇ ನಮಗೆ ಭಯ. ಅಡಿಕೆ ಮರಕ್ಕೆ ಕೊಂಬೆ ಇಲ್ಲ. ಕೊಂಬೆಯ ಭಾರ ಯಾವ ಕಡೆ ತಿರುಗುತ್ತದೆ ಅನ್ನುವುದನ್ನು ಅವನು ಕಲಿಯಬೇಕಾದ್ದು ಕೆಳಗೆ ನಿಂತು. ಬಂದಾಗಿನಿಂದ ಹೊನ್ನಾಳಿ ಅಣ್ಣನ ಹಿಂದೆ ಹಗ್ಗದ ತುದಿ ಹಿಡಿದು ನಿಲ್ಲುತ್ತಾನೆ. "ಅಣ್ಣಾ, ನನ್ನ ಯಾವಾಗ ಹತ್ತಿಸ್ತೀರಿ?" ಅಂತ ದಿನಾ ಕೇಳುತ್ತಾನೆ. ಹತ್ತಿಸುವುದು ನನ್ನ ಕೈಯಲ್ಲಿಲ್ಲ. ಕೆಳಗೆ ಹಗ್ಗ ಹಿಡಿಯುವವರು ಹೂಂ ಅನ್ನಬೇಕು. ಅವರು ಆಯುಧಪೂಜೆ ಮುಗಿಯಲಿ, ನೋಡೋಣ ಅಂದಿದ್ದಾರೆ. ಹುಡುಗ ಆಗಲೇ ಹೊಸ ಬೆಲ್ಟ್, ಹೆಲ್ಮೆಟ್ ತಂದಿಟ್ಟುಕೊಂಡಿದ್ದಾನೆ, ನನ್ನ ಹತ್ತಿರ ಸಾಲ ಮಾಡಿ.